ಹೊರದೇಶದ ಸೆಮಿಸ್ಟರ್‌ಗೆ ನಮ್ಮ ಅಂಕಪಟ್ಟಿಯಲ್ಲಿ ಜಾಗ

ಹೊರದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬಂದ ವಿದ್ಯಾರ್ಥಿಯ ಕಡತ ಮೇಜಿಗೆ ಬಂದರೆ ನಾವು ಮೊದಲು ಹುಡುಕುವುದು ಒಂದು ತಾರೀಕನ್ನು. ವಿಷಯಗಳ ಹೊಂದಾಣಿಕೆಗೆ ವಿಶ್ವವಿದ್ಯಾಲಯ ಒಪ್ಪಿಗೆ ಕೊಟ್ಟ ದಿನ ವಿಮಾನ ಹತ್ತಿದ ದಿನಕ್ಕಿಂತ ಮೊದಲಿದ್ದರೆ ಉಳಿದದ್ದು ಬಹುಪಾಲು ಗುಮಾಸ್ತಿಕೆಯ ಕೆಲಸ. ಆಮೇಲಿನದಾಗಿದ್ದರೆ ಆರು ತಿಂಗಳು ಕಷ್ಟಪಟ್ಟು ಓದಿದ ಮಗು, ಓದಿನ ಪ್ರಮಾಣ ಅಳೆಯುವ ಒಂದೊಂದು ಕ್ರೆಡಿಟ್‌ಗೂ ಬಾಗಿಲು ಬಾಗಿಲು ತಟ್ಟಬೇಕಾಗುತ್ತದೆ. ಇಂಥ ಕಡತಗಳನ್ನು ಮೊದಲ ಅರ್ಜಿಯಿಂದ ಕೊನೆಯ ಅಂಕಪಟ್ಟಿಯವರೆಗೆ ಹಿಡಿದು ಕೂತವರಾಗಿ, ಯಾವ ಹಂತದಲ್ಲಿ ಏನು ಬೇಕು, ಎಲ್ಲಿ ಕೈ ಜಾರುತ್ತದೆ ಎನ್ನುವುದನ್ನು ಇಲ್ಲಿ ಬಿಡಿಸಿಡುತ್ತಿದ್ದೇವೆ.

ಒಪ್ಪಿಗೆ ಕೊಡುವವರು ಯಾರು ಎಂಬುದೇ ಕೊಡಗಿನಲ್ಲಿ ಕೊಂಚ ಸುತ್ತುಬಳಸಿನ ಪ್ರಶ್ನೆ. ಕಾಲೇಜು ಇಲ್ಲಿರುತ್ತದೆ, ಪದವಿ ಕೊಡುವ ಕಚೇರಿ ದೂರದಲ್ಲಿರುತ್ತದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಕಡತ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ಕಾಲೇಜುಗಳದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಂಥ ಪದವಿ ಕಾಲೇಜುಗಳದು, 2023ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಚಿಕ್ಕ ಅಳುವಾರದಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯಕ್ಕೆ. ಹಿಂದೆ ಮಂಗಳೂರಿನ ಹೆಸರಿನಲ್ಲಿ ಆಗಿದ್ದ ಒಡಂಬಡಿಕೆ ತಾನಾಗಿಯೇ ಕೊಡಗಿಗೆ ಬಂತು ಎಂದು ತಿಳಿಯಬಾರದು. ಹೊರದೇಶದ ವಿಶ್ವವಿದ್ಯಾಲಯದ ಜೊತೆ ಸಹಿ ಹಾಕಿದವರು ಯಾರು, ಅವಧಿ ಮುಗಿದಿದೆಯೇ ಎಂದು ಮೂಲ ಪ್ರತಿ ತೆಗೆಸಿ ನೋಡಬೇಕು.

ಪ್ರಿನ್ಸಿಪಾಲರು ಕೊಡುವ ಪತ್ರ ನಿರಾಕ್ಷೇಪಣಾ ಪತ್ರ ಮಾತ್ರ. ವೀಸಾ ಅರ್ಜಿಗೆ ಅದು ನೆರವಾಗಬಹುದು, ಕ್ರೆಡಿಟ್‌ಗೆ ಸಾಲದು. ಕ್ರೆಡಿಟ್ ಒಪ್ಪುವ ಅಧಿಕಾರ ಅಧ್ಯಯನ ಮಂಡಳಿಯದು ಅಂದರೆ ಬಿಓಎಸ್‌ನದು, ಅದರ ಮೇಲೆ ಅಕಾಡೆಮಿಕ್ ಕೌನ್ಸಿಲಿನದು, ಅಂಕಪಟ್ಟಿಗೆ ಏರಿಸುವವರು ಮೌಲ್ಯಮಾಪನ ಕುಲಸಚಿವರು. ಬಿಓಎಸ್ ಬೇಕೆಂದಾಗಲೆಲ್ಲ ಸೇರುವುದಿಲ್ಲ. ಸಭೆ ದೂರವಿದ್ದರೆ, ಮುಂದಿನ ಸಭೆಯ ಅನುಮೋದನೆಗೆ ಒಳಪಟ್ಟು ಅಧ್ಯಕ್ಷರ ಲಿಖಿತ ಒಪ್ಪಿಗೆ ಪಡೆಯಿರಿ, ಆಮೇಲೆ ಸಭೆಯ ನಡಾವಳಿಯಲ್ಲಿ ಅದು ದಾಖಲಾಯಿತೇ ಎಂದು ಬೆನ್ನು ಹತ್ತಿ ನೋಡಿ. ನಡಾವಳಿಯ ಸಂಖ್ಯೆ ಮತ್ತು ತಾರೀಕು ಕೈಯಲ್ಲಿದ್ದರೆ ವರ್ಷದ ನಂತರ ಅಧ್ಯಕ್ಷರು ಬದಲಾದರೂ ಕಡತ ನಿಲ್ಲುವುದಿಲ್ಲ.

ಇದಕ್ಕೂ ಮೊದಲು ಮಾಡಬೇಕಾದ್ದು ನಮ್ಮದೇ ಪದವಿಯ ಲೆಕ್ಕ. ಹೆಚ್ಚಿನವರು ಒಟ್ಟು ಕ್ರೆಡಿಟ್ ನೋಡಿ ಸುಮ್ಮನಾಗುತ್ತಾರೆ. ಪದವಿ ಸಿಗುವುದು ಒಟ್ಟು ಮೊತ್ತದಿಂದಲ್ಲ, ಪ್ರತಿ ಖಾನೆಯೂ ತುಂಬಿದಾಗ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಚೌಕಟ್ಟನ್ನೇ ತೆಗೆದುಕೊಳ್ಳಿ: ಮೂರು ವರ್ಷದ ಪದವಿಗೆ 120 ಕ್ರೆಡಿಟ್, ಅದರಲ್ಲಿ ಮುಖ್ಯ ವಿಷಯಕ್ಕೆ 60, ಉಪವಿಷಯಕ್ಕೆ 24, ಬಹುಶಿಸ್ತೀಯ ವಿಷಯಗಳಿಗೆ 9, ಭಾಷಾ ಸಾಮರ್ಥ್ಯಕ್ಕೆ 8, ಕೌಶಲಕ್ಕೆ 9, ಮೌಲ್ಯವರ್ಧಿತ ವಿಷಯಗಳಿಗೆ 6ರಿಂದ 8, ಇಂಟರ್ನ್‌ಶಿಪ್‌ಗೆ 2ರಿಂದ 4. ವಿಟಿಯುವಿನ 2022ರ ಸ್ಕೀಮಿನಲ್ಲಿ ಒಟ್ಟು 160, ಅದರ ಖಾನೆಗಳೇ ಬೇರೆ. ರಾಜ್ಯದ ಪದವಿ ಕಾಲೇಜುಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪಠ್ಯಕ್ರಮ ಬಂದಿರುವುದರಿಂದ, 2021ರಿಂದ 2023ರ ನಡುವೆ ಸೇರಿದ ಅಕ್ಕ ಅಣ್ಣಂದಿರ ಕೋಷ್ಟಕವನ್ನು ನಕಲು ಮಾಡಿದರೆ ಹೊಂದುವುದಿಲ್ಲ. ನೀವು ಸೇರಿದ ವರ್ಷದ ನಿಯಮಾವಳಿಯನ್ನೇ ಮುದ್ರಿಸಿಕೊಂಡು, ಮುಗಿದ ಖಾನೆಗೆ ಒಂದು ಬಣ್ಣ, ಹೋಗುವ ಸೆಮಿಸ್ಟರಿನಲ್ಲಿ ತುಂಬಬೇಕಾದ ಖಾನೆಗೆ ಇನ್ನೊಂದು ಬಣ್ಣ ಹಾಕಿ. ಆ ಎರಡನೇ ಬಣ್ಣವೇ ನೀವು ಅಲ್ಲಿ ಹುಡುಕಬೇಕಾದ ವಿಷಯಗಳ ಪಟ್ಟಿ.

ಈಗ ಪರಿವರ್ತನೆ. ಇಲ್ಲಿ ನಿಧಾನ ಬೇಕು, ಏಕೆಂದರೆ ಅತಿ ಹೆಚ್ಚು ಕ್ರೆಡಿಟ್ ಸೋರಿಹೋಗುವುದು ಇಲ್ಲೇ. ಯುರೋಪಿನ ದೇಶಗಳ ನಡುವೆ ಕ್ರೆಡಿಟ್ ವರ್ಗಾಯಿಸುವ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷಕ್ಕೆ 60, ಸೆಮಿಸ್ಟರಿಗೆ 30. ಒಂದು ಇಸಿಟಿಎಸ್ ಎಂದರೆ ತರಗತಿ, ಓದು, ಬರಹ ಎಲ್ಲ ಸೇರಿ 25ರಿಂದ 30 ಗಂಟೆ. ನಮ್ಮ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲೂ ಒಂದು ಕ್ರೆಡಿಟ್‌ಗೆ ಒಟ್ಟು 30 ಗಂಟೆ, ವರ್ಷಕ್ಕೆ 40 ಕ್ರೆಡಿಟ್, 1200 ಗಂಟೆ. ಗಂಟೆ ಲೆಕ್ಕ ಹಿಡಿದರೆ ಒಂದಕ್ಕೆ ಒಂದು ಎನ್ನಬಹುದು. ಆದರೆ ಕಡತ ನೋಡುವವರು ಸಾಮಾನ್ಯವಾಗಿ ಹಿಡಿಯುವುದು ಸೆಮಿಸ್ಟರಿನ ಪಾಲನ್ನು: ಅಲ್ಲಿಯ 30, ಇಲ್ಲಿಯ 20. ಅಂದರೆ ಮೂರಕ್ಕೆ ಎರಡು. ಈ ಅನುಪಾತ ನ್ಯಾಯವಾದದ್ದು. ಒಂದು ಸೆಮಿಸ್ಟರ್ ಪೂರ್ತಿ ಓದಿದವರಿಗೆ ಒಂದು ಸೆಮಿಸ್ಟರ್ ಪೂರ್ತಿ ಸಿಗಬೇಕು.

ತೊಂದರೆ ಭಿನ್ನರಾಶಿಯಲ್ಲಿದೆ. 6 ಇಸಿಟಿಎಸ್ ವಿಷಯ ಸರಿಯಾಗಿ 4 ಕ್ರೆಡಿಟ್ ಆಗುತ್ತದೆ, 7.5ರದ್ದು 5 ಆಗುತ್ತದೆ. 5 ಇಸಿಟಿಎಸ್ ವಿಷಯ ಮಾತ್ರ 3.33. ಅದನ್ನು 3 ಎಂದು ಇಳಿಸಿದರೆ ಆರು ವಿಷಯ ಓದಿದವರಿಗೆ ಸಿಗುವುದು 18, ಎರಡು ಕ್ರೆಡಿಟ್ ಗಾಳಿಗೆ. ವಿಷಯವಾರು ಇಳಿಸುವ ಬದಲು ಒಟ್ಟು 30ನ್ನು 20ಕ್ಕೆ ತಂದು ಆಮೇಲೆ ಹಂಚಬೇಕೆಂದು ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೆ ಕೇಳಿದರೆ ಯಾರೂ ಬರೆಯುವುದಿಲ್ಲ.

ಇನ್ನೊಂದು ಸೋರಿಕೆ ಕಣ್ಣಿಗೆ ಬೇಗ ಬೀಳುವುದಿಲ್ಲ. 7.5ರ ವಿಷಯಕ್ಕೆ 5 ಕ್ರೆಡಿಟ್ ಬಂತು, ನಮ್ಮ ಖಾನೆ 4ರದ್ದು ಎಂದುಕೊಳ್ಳಿ. ಮಿಕ್ಕ ಒಂದು ಪಕ್ಕದ ಖಾನೆಗೆ ಹರಿಯುವುದಿಲ್ಲ, ಅಲ್ಲೇ ಬತ್ತುತ್ತದೆ. ನಾಲ್ಕು ವಿಷಯ ಹೀಗಾದರೆ 20ರ ಬದಲು 16. ಇದಕ್ಕೆ ಮದ್ದು ಗುಂಪು ಹೊಂದಾಣಿಕೆ: ಅಲ್ಲಿಯ ಒಂದು ವಿಷಯಕ್ಕೆ ಇಲ್ಲಿಯ 4 ಕ್ರೆಡಿಟ್ ಥಿಯರಿ ಮತ್ತು ಅದರದೇ 1 ಕ್ರೆಡಿಟ್ ಲ್ಯಾಬ್ ಎರಡನ್ನೂ ಜೋಡಿಸಿ ಕೇಳುವುದು. ನಮ್ಮಲ್ಲಿ ಲ್ಯಾಬಿಗೆ ಪ್ರತ್ಯೇಕ ಕೋಡ್ ಇರುವಲ್ಲಿ ಇದನ್ನು ಮರೆತರೆ ಥಿಯರಿ ತುಂಬಿ ಲ್ಯಾಬ್ ಖಾಲಿ ಉಳಿಯುತ್ತದೆ. ಕೊನೆಯ ವರ್ಷದಲ್ಲಿ ಒಂದು ಕ್ರೆಡಿಟ್ ಲ್ಯಾಬಿಗಾಗಿ ಕಿರಿಯರ ಜೊತೆ ಕೂರಬೇಕಾಗುತ್ತದೆ.

ಬೇರೆ ದೇಶಗಳ ಲೆಕ್ಕ ಚುಟುಕಾಗಿ. ಬ್ರಿಟನ್ನಿನಲ್ಲಿ ವರ್ಷಕ್ಕೆ 120, ಎರಡು ಬ್ರಿಟಿಷ್ ಕ್ರೆಡಿಟ್ ಒಂದು ಇಸಿಟಿಎಸ್‌ಗೆ ಸಮ. ಜಪಾನಿನ ಪದವಿಗೆ ಕನಿಷ್ಠ 124, ಒಂದು ಕ್ರೆಡಿಟ್‌ಗೆ 45 ಗಂಟೆಯ ಅಧ್ಯಯನ. ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120, ಸೆಮಿಸ್ಟರಿಗೆ 15. ವಿದ್ಯಾರ್ಥಿ ವೀಸಾದವರು ಕನಿಷ್ಠ 12 ತೆಗೆದುಕೊಂಡರೆ ಪೂರ್ಣಾವಧಿ ಎಂದು ಲೆಕ್ಕ. ಆ 12ಕ್ಕೆ ನಿಂತುಬಿಟ್ಟರೆ ಇಲ್ಲಿಯ 20 ತುಂಬುವುದು ಕಷ್ಟ. ಅಲ್ಲಿ ಕ್ವಾರ್ಟರ್ ಪದ್ಧತಿ ಇರುವ ಕಡೆ ಒಂದು ಕ್ವಾರ್ಟರ್ ಕ್ರೆಡಿಟ್ ಸೆಮಿಸ್ಟರ್ ಕ್ರೆಡಿಟ್‌ನ ಮೂರನೇ ಎರಡು ಭಾಗ ಮಾತ್ರ ಎಂಬುದನ್ನು ಮರೆಯಬೇಡಿ.

ಹೊಂದಾಣಿಕೆ ಪಟ್ಟಿಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಅರಣ್ಯಶಾಸ್ತ್ರದ ವಿದ್ಯಾರ್ಥಿ ಸ್ವೀಡನ್ನಿಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಎಡಗಡೆ ನಮ್ಮ ವಿಷಯ: ದೂರಸಂವೇದಿ ಮತ್ತು ಜಿಐಎಸ್, 2+1, ಅಂದರೆ ವಾರಕ್ಕೆ ಎರಡು ಗಂಟೆ ಪಾಠ, ಎರಡು ಗಂಟೆ ಪ್ರಾಯೋಗಿಕ, ಒಟ್ಟು 3 ಕ್ರೆಡಿಟ್. ಬಲಗಡೆ ಅಲ್ಲಿಯ ವಿಷಯ, ಕೋಡ್, 7.5 ಕ್ರೆಡಿಟ್, ಸ್ವೀಡನ್ನಿನ ಲೆಕ್ಕದಲ್ಲಿ ಐದು ವಾರದ ಪೂರ್ಣ ಓದು, ಸುಮಾರು 200 ಗಂಟೆ. ನಡುವಿನ ಅಂಕಣದಲ್ಲಿ ಘಟಕವಾರು ಹೋಲಿಕೆ: ನಮ್ಮ ಒಂದನೇ ಘಟಕದ ಉಪಗ್ರಹ ಚಿತ್ರಗಳ ಪಾಠ ಅವರ ಎರಡನೇ ವಾರದಲ್ಲಿದೆ, ನಮ್ಮ ಪ್ರಾಯೋಗಿಕ ಪಟ್ಟಿಯ ನಕ್ಷೆ ತಯಾರಿಕೆ ಅವರ ಪ್ರಾಜೆಕ್ಟ್ ವರದಿಯಲ್ಲಿದೆ, ನಮ್ಮ ವೈಮಾನಿಕ ಛಾಯಾಚಿತ್ರದ ಭಾಗ ಅಲ್ಲಿ ಇಲ್ಲ. ಇಲ್ಲದ್ದನ್ನು ಇಲ್ಲ ಎಂದೇ ಬರೆಯಬೇಕು. ಮುಚ್ಚಿಟ್ಟ ಒಂದು ಘಟಕ ಮಂಡಳಿಯ ಸದಸ್ಯರ ಕಣ್ಣಿಗೆ ಬಿದ್ದರೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ. ಘಟಕಗಳ ಹೋಲಿಕೆ ಶೇ 70 ದಾಟದಿದ್ದರೆ ನಾವು ಅದನ್ನು ಕಡ್ಡಾಯ ವಿಷಯದ ಬದಲಿಗೆ ಕಳಿಸುವುದೇ ಇಲ್ಲ, ಐಚ್ಛಿಕ ಖಾನೆಗೆ ಹಾಕುತ್ತೇವೆ. ಕೊನೆಯ ಅಂಕಣ ಮಟ್ಟದ್ದು. ಅಲ್ಲಿಯ ಮೊದಲ ವರ್ಷದ ಪೀಠಿಕೆ ಪಾಠವನ್ನು ಇಲ್ಲಿಯ ಮೂರನೇ ವರ್ಷದ ವಿಷಯಕ್ಕೆ ಹೊಂದಿಸಲು ಹೋದರೆ ಅದೊಂದೇ ಕಾರಣಕ್ಕೆ ತಿರಸ್ಕಾರವಾಗುತ್ತದೆ.

ಒಂದೇ ಪಾಠವನ್ನು ಎರಡು ಸಲ ಎಣಿಸುವುದಿಲ್ಲ ಎಂಬುದೂ ನೆನಪಿರಲಿ. ನಾಲ್ಕನೇ ಸೆಮಿಸ್ಟರಿನಲ್ಲಿ ಇಲ್ಲಿ ಪಾಸಾದ ಸಂಖ್ಯಾಶಾಸ್ತ್ರವನ್ನೇ ಬೇರೆ ಹೆಸರಿನಲ್ಲಿ ಅಲ್ಲಿ ಮತ್ತೆ ಓದಿದರೆ ಅಂಕ ಚೆನ್ನಾಗಿ ಬರುತ್ತದೆ, ಕ್ರೆಡಿಟ್ ಸೊನ್ನೆ.

ಪ್ರತಿ ಸಾಲಿಗೂ ಅಲ್ಲಿಯ ವಿಷಯದ ಪೂರ್ಣ ವಿವರದ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ಲಿಂಕ್ ಕೊಟ್ಟರೆ ಸಾಲದು, ಮುಂದಿನ ವರ್ಷಕ್ಕೆ ಆ ಪುಟವೇ ಬದಲಾಗಿರುತ್ತದೆ. ಗಂಟೆಗಳು, ಪರೀಕ್ಷೆಯ ವಿಧಾನ, ಪಠ್ಯಪುಸ್ತಕ, ಪೂರ್ವಾರ್ಹತೆ ನಾಲ್ಕೂ ಅದರಲ್ಲಿರಬೇಕು.

ಅಲ್ಲಿ ಸಿಗಲಾರದ ಖಾನೆಗಳನ್ನು ಹೊರಡುವ ಮೊದಲೇ ಮುಗಿಸುವುದು ಜಾಣತನ. ಕನ್ನಡ, ಸಂವಿಧಾನ, ಎನ್‌ಎಸ್‌ಎಸ್ ಅಥವಾ ಯೋಗದಂಥ ಕಡ್ಡಾಯ ವಿಷಯಗಳಿಗೆ ಹೊರದೇಶದಲ್ಲಿ ಬದಲಿ ಇಲ್ಲ. ವಿಟಿಯು ವಿದ್ಯಾರ್ಥಿಗಳಿಗೆ ಪದವಿಯ ಹೊತ್ತಿಗೆ 100 ಪಠ್ಯೇತರ ಚಟುವಟಿಕೆ ಅಂಕಗಳೂ ಬೇಕು, ನೇರ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿಯವರಿಗೆ 75. ಹೋಗುವ ಸೆಮಿಸ್ಟರಿನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲಿನ ಕೋರ್ಸು ಸೇರಿಸಿ ಕೊರತೆ ತುಂಬೋಣ ಎಂದು ಕೆಲವರು ಯೋಚಿಸುತ್ತಾರೆ. ನಿಯಮದಲ್ಲಿ ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳವರೆಗೆ ಅದಕ್ಕೆ ಅವಕಾಶವಿದೆ. ಆದರೆ ಪರೀಕ್ಷೆಗೆ ಭಾರತದೊಳಗಿನ ಕೇಂದ್ರದಲ್ಲಿ ಖುದ್ದಾಗಿ ಕೂರಬೇಕು. ನೀವು ಆಗ ಅಲ್ಲಿರುತ್ತೀರಿ. ಹಿಂದಿನ ಅಥವಾ ಮುಂದಿನ ಸೆಮಿಸ್ಟರಿಗೆ ಇಟ್ಟುಕೊಳ್ಳಿ.

ಯಾವ ಸೆಮಿಸ್ಟರಿನಲ್ಲಿ ಹೋಗಬೇಕು? ನಮ್ಮ ಅಭಿಪ್ರಾಯ ಗಟ್ಟಿ: ಇಂಜಿನಿಯರಿಂಗಿನವರಿಗೆ ಐದನೆಯದು, ಮೂರು ವರ್ಷದ ಪದವಿಯವರಿಗೆ ಮೂರನೆಯದು. ಏಳನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟೂ ಪ್ಲೇಸ್‌ಮೆಂಟೂ ಕಾದಿರುತ್ತವೆ. ಮೂರು ವರ್ಷದವರು ಐದರಲ್ಲಿ ಹೋದರೆ ಅಲ್ಲಿಯ ಅಧಿಕೃತ ಅಂಕಪಟ್ಟಿ ಅಂದರೆ ಟ್ರಾನ್ಸ್‌ಕ್ರಿಪ್ಟ್ ತಡವಾದಾಗ ಪದವಿಯೇ ತಡವಾಗುತ್ತದೆ. ದೇಶದ ಕ್ಯಾಲೆಂಡರ್ ಕೂಡ ಮುಖ್ಯ. ಸ್ವೀಡನ್ನಿನ ಶರತ್ಕಾಲದ ಸೆಮಿಸ್ಟರ್ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಶುರುವಾಗಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ, ನಮ್ಮ ಮುಂದಿನ ಸೆಮಿಸ್ಟರಿಗೆ ಸಲೀಸಾಗಿ ಸೇರಬಹುದು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಫೆಬ್ರವರಿ ಮಧ್ಯದವರೆಗೆ, ಪರೀಕ್ಷೆ ಅದರ ನಂತರ. ಬರುವಷ್ಟರಲ್ಲಿ ಇಲ್ಲಿ ತರಗತಿ ಶುರುವಾಗಿ ಹಾಜರಾತಿ ಕೊರತೆ ಬೀಳುವ ಅಪಾಯವಿದೆ. ಜರ್ಮನಿಯೇ ಬೇಕೆಂದರೆ ಹಾಜರಾತಿ ವಿನಾಯಿತಿಯನ್ನು ಮೊದಲೇ ಬರೆಸಿಕೊಂಡು ಹೋಗಿ.

ಕಾಫಿ ನಂಬಿದ ಮನೆಗಳಿಗೆ ಶರತ್ಕಾಲವೇ ಹಣಕಾಸಿಗೂ ಅನುಕೂಲ. ಡಿಸೆಂಬರಿನಿಂದ ಮಾರ್ಚ್ ತಿಂಗಳವರೆಗೆ ಕೊಯ್ಲು, ಕಾಫಿ ಮಾರಿ ಕೈಗೆ ದುಡ್ಡು ಬಂದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಅರ್ಜಿ. ಜರ್ಮನಿಯ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ) ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಸಾಲಕ್ಕೆ ಜಮ್ಮಾ ಜಾಗ, ಅಂದರೆ ಕೊಡಗಿನ ವಂಶಪಾರಂಪರ್ಯದ ಭೂಮಿ, ತೋರಿಸುವವರು ಬೇಗ ಶುರು ಮಾಡಬೇಕು. ಪಹಣಿಯಲ್ಲಿ ಹಳೆಯ ಪಟ್ಟೇದಾರರ ಹೆಸರಿದ್ದು, ಒಕ್ಕದ (ಮನೆತನದ) ಪಾಲುದಾರರೆಲ್ಲ ಜೊತೆಯಲ್ಲಿದ್ದರೆ ಬ್ಯಾಂಕಿನ ವಕೀಲರ ಅಭಿಪ್ರಾಯಕ್ಕೇ ವಾರಗಟ್ಟಲೆ ಹಿಡಿಯುತ್ತದೆ.

ಅರ್ಜಿಯ ಕೊನೆಯ ದಿನಗಳು ನಮ್ಮ ಮಳೆಗಾಲದ ಬಾಯಲ್ಲೇ ಬೀಳುತ್ತವೆ. ಮಧ್ಯ ಯುರೋಪಿನ ಬೇಸಿಗೆ ಸಮಯದ ನಡುರಾತ್ರಿ ಎಂದರೆ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ಆ ಹೊತ್ತಿಗೆ ಕರೆಂಟೂ ನೆಟ್‌ವರ್ಕೂ ಇರುತ್ತವೆ ಎಂದು ಜೂನ್ ತಿಂಗಳಲ್ಲಿ ನಂಬಿ ಕೂರುವಂತಿಲ್ಲ. ಎರಡು ದಿನ ಮುಂಚೆ ಕುಶಾಲನಗರಕ್ಕೋ ಮೈಸೂರಿಗೋ ಇಳಿದು ಅಪ್‌ಲೋಡ್ ಮಾಡಿ, ಸ್ವೀಕೃತಿಯ ಇಮೇಲ್ ಮುದ್ರಿಸಿಕೊಳ್ಳಿ.

ಅಲ್ಲಿಗೆ ಹೋದ ಮೊದಲ ಎರಡು ವಾರ ತುಂಬ ಎಚ್ಚರ ಬೇಕು. ಒಪ್ಪಿದ ವಿಷಯ ಆ ವರ್ಷ ನಡೆಯುತ್ತಿಲ್ಲ, ಎರಡು ವಿಷಯಗಳ ವೇಳೆ ಢಿಕ್ಕಿ, ಪಾಠ ಇಂಗ್ಲಿಷಿನಲ್ಲಿಲ್ಲ: ಈ ಮೂರರಲ್ಲಿ ಒಂದಾದರೂ ಎದುರಾಗುವುದು ಸಾಮಾನ್ಯ. ಅದಕ್ಕೇ ಪಟ್ಟಿಯಲ್ಲಿ ಬೇಕಾದದ್ದಕ್ಕಿಂತ ಎರಡು ಮೂರು ವಿಷಯ ಹೆಚ್ಚಿಗೆ ಹಾಕಿ ಒಪ್ಪಿಗೆ ಪಡೆದಿರಬೇಕು. ಪಟ್ಟಿಯಲ್ಲಿಲ್ಲದ ವಿಷಯ ಹಿಡಿಯಲೇಬೇಕಾದರೆ ಅದರ ವಿವರದ ಪಿಡಿಎಫ್ ಜೊತೆ ಅದೇ ದಿನ ಇಮೇಲ್ ಕಳಿಸಿ, ಲಿಖಿತ ಉತ್ತರ ಬರುವವರೆಗೆ ಬಿಡಬೇಡಿ. ಎರಾಸ್ಮಸ್ ಪ್ಲಸ್‌ನಲ್ಲಿ (ಯುರೋಪಿನ ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ) ಹೋದವರ ಲರ್ನಿಂಗ್ ಅಗ್ರಿಮೆಂಟಿನಲ್ಲಿ, ಅಂದರೆ ಓದುವ ವಿಷಯಗಳ ಒಪ್ಪಂದದಲ್ಲಿ, ಇದಕ್ಕೆಂದೇ ಪ್ರತ್ಯೇಕ ಭಾಗವಿದೆ. ಮೂರೂ ಕಡೆಯ ಸಹಿ ಅದಕ್ಕೆ ಬೇಕು: ವಿದ್ಯಾರ್ಥಿ, ಕಳಿಸಿದವರು, ಸೇರಿಸಿಕೊಂಡವರು. ಫೋನಿನಲ್ಲಿ ಆಗಲಿ ಬಿಡು ಎಂದ ಮಾತು ಕಡತದಲ್ಲಿ ನಿಲ್ಲುವುದಿಲ್ಲ.

ಜರ್ಮನಿಗೆ ಹೋದವರಿಗೆ ಇನ್ನೊಂದು ಮಾತು. ಅಲ್ಲಿ ಪಾಠಕ್ಕೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ನೋಂದಣಿಗೆ ಪ್ರತ್ಯೇಕ ಗಡುವಿರುತ್ತದೆ, ಅದು ಪರೀಕ್ಷೆಗಿಂತ ವಾರಗಳ ಮುಂಚೆಯೇ ಮುಗಿಯುತ್ತದೆ. ನಮ್ಮಲ್ಲಿ ಕಾಲೇಜಿನವರೇ ಪರೀಕ್ಷಾ ಅರ್ಜಿ ನೆನಪಿಸಿ ತುಂಬಿಸುವ ಅಭ್ಯಾಸದಿಂದ ಹೋದ ಮಕ್ಕಳು ಇಡೀ ಸೆಮಿಸ್ಟರ್ ಒಂದು ಪಾಠವನ್ನೂ ಬಿಡದೆ ಕೇಳಿ, ನೋಂದಣಿ ತಪ್ಪಿಸಿಕೊಂಡು ಬರಿಗೈಲಿ ಬರುವುದನ್ನು ನೋಡಲು ಸಂಕಟವಾಗುತ್ತದೆ.

ಅಂಕಗಳ ಪರಿವರ್ತನೆಗೂ ಸೂತ್ರವನ್ನು ಮೊದಲೇ ಒಪ್ಪಿಸಿಕೊಳ್ಳಬೇಕು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು. ಹೊರಗಿನ ಅಂಕವನ್ನು ತಮ್ಮ ದರ್ಜೆಗೆ ತರಲು ಅವರೇ ಬಳಸುವ ಬವೇರಿಯನ್ ಸೂತ್ರವನ್ನು ತಿರುಗಿಸಿ, ನಮ್ಮ ಗರಿಷ್ಠ 10, ಪಾಸು 4 ಎಂದು ಹಿಡಿದರೆ 1.0ಕ್ಕೆ 10, 2.0ಕ್ಕೆ 8, 3.0ಕ್ಕೆ 6, 4.0ಕ್ಕೆ 4 ಬರುತ್ತದೆ. ಬ್ರಿಟನ್ನಿನ ಶೇ 70 ಅಲ್ಲಿ ಪ್ರಥಮ ದರ್ಜೆ. ಅಲ್ಲಿಯ 68ನ್ನು ಇಲ್ಲಿಯ 68 ಎಂದೇ ಬರೆದುಕೊಂಡರೆ ಒಳ್ಳೆಯ ವಿದ್ಯಾರ್ಥಿಗೆ ಅನ್ಯಾಯ. ಸ್ವೀಡನ್ನಿನ ಕೆಲವು ವಿಭಾಗಗಳಲ್ಲಿ ನಪಾಸು, ಪಾಸು, ಉತ್ತಮ ಪಾಸು ಎಂಬ ಮೂರೇ ದರ್ಜೆ. ಇಂಥ ಕಡೆ ಕ್ರೆಡಿಟ್ ಮಾತ್ರ ಎಣಿಸಿ ಸಿಜಿಪಿಎಯಿಂದ, ಅಂದರೆ ಒಟ್ಟು ಸರಾಸರಿ ಅಂಕದಿಂದ, ಆ ಸೆಮಿಸ್ಟರನ್ನು ಹೊರಗಿಡುವುದು ಸರಿಯಾದ ದಾರಿ ಎಂದು ನಮಗನ್ನಿಸುತ್ತದೆ. ಯಾವುದಾದರೂ ಆಗಲಿ, ಹೋಗುವ ಮುಂಚೆ ಬರಹದಲ್ಲಿರಲಿ.

ಹೆಸರಿನ ವಿಚಾರ ಕೊಡಗಿನವರಿಗೆ ವಿಶೇಷ. ಕೆ.ಎಂ. ಕಾರ್ಯಪ್ಪ ಎಂಬುದರಲ್ಲಿ ಕೆ ಎಂದರೆ ಕೊಡಂದೇರ ಎಂಬ ಒಕ್ಕದ ಹೆಸರು, ಎಂ ಎಂದರೆ ತಂದೆಯ ಹೆಸರು ಮಾದಪ್ಪ. ಅಂಕಪಟ್ಟಿಯಲ್ಲಿ ಹೀಗೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಹೊರದೇಶದ ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಕ್ಕದ ಹೆಸರು ಕೊನೆಗೆ ಅಥವಾ ತಂದೆಯ ಹೆಸರೇ ಮನೆತನದ ಹೆಸರು. ಮೂರು ದಾಖಲೆ, ಮೂರು ಮನುಷ್ಯರು. ಕಡತ ಅಲ್ಲೇ ನಿಲ್ಲುತ್ತದೆ. ಮೂರೂ ರೂಪಗಳು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಮಾಡಿಸಿ, ಅರ್ಜಿಯ ಜೊತೆಗೇ ಸೇರಿಸಿ.

ವಾಪಸ್ ಬಂದ ಮೇಲೆ ಒಂದು ತಪ್ಪು ದಾರಿಯನ್ನು ಹಲವರು ಹಿಡಿಯುತ್ತಾರೆ: ಸಮಾನತಾ ಪತ್ರಕ್ಕೆ ಅರ್ಜಿ ಹಾಕುವುದು. ಅದು ಹೊರದೇಶದಲ್ಲಿ ಪೂರ್ತಿ ಪದವಿ ಪಡೆದವರಿಗೆ. ಒಂದು ಸೆಮಿಸ್ಟರಿನ ಕ್ರೆಡಿಟ್ ಒಪ್ಪುವುದು ನಿಮ್ಮ ವಿಶ್ವವಿದ್ಯಾಲಯವೇ. ಹಾಗೆಯೇ ಯುಜಿಸಿಯ 2022ರ ನಿಯಮದ ಟ್ವಿನ್ನಿಂಗ್ ಕಾರ್ಯಕ್ರಮ, ಅಂದರೆ ಪದವಿಯ ಒಂದು ಪಾಲನ್ನು ಹೊರದೇಶದಲ್ಲಿ ಓದುವ ಜೋಡಿ ಕಾರ್ಯಕ್ರಮ, ಬೇರೆ. ಅದರಲ್ಲಿ ಹೊರದೇಶದ ಪಾಲು ಶೇ 30 ಮೀರುವಂತಿಲ್ಲ, 160ರಲ್ಲಿ 48. ಎಕ್ಸ್‌ಚೇಂಜಿನ ಒಂದು ಸೆಮಿಸ್ಟರನ್ನು ಅದರೊಂದಿಗೆ ಬೆರೆಸಿ ಅರ್ಜಿ ಬರೆದರೆ ಕಚೇರಿಯವರೂ ಗೊಂದಲಕ್ಕೆ ಬೀಳುತ್ತಾರೆ.

ಸಲ್ಲಿಸಬೇಕಾದ್ದು ಇಷ್ಟು: ಮೊದಲಿನ ಒಪ್ಪಿಗೆ ಪತ್ರ, ಬದಲಾವಣೆಗಳ ಒಪ್ಪಿಗೆ, ಅಲ್ಲಿಂದ ನೇರವಾಗಿ ಬಂದ ಟ್ರಾನ್ಸ್‌ಕ್ರಿಪ್ಟ್, ಅಲ್ಲಿಯ ದರ್ಜೆ ಪದ್ಧತಿಯ ವಿವರಣೆ ಪುಟ, ಹಾಜರಿದ್ದ ಅವಧಿಯ ಪ್ರಮಾಣಪತ್ರ. ವಿದ್ಯಾರ್ಥಿಯೇ ಮುದ್ರಿಸಿ ತಂದ ಪ್ರತಿಯನ್ನು ಒಪ್ಪುವುದಿಲ್ಲ, ಮೊಹರಾದ ಲಕೋಟೆ ಅಥವಾ ಪರಿಶೀಲನಾ ಕೋಡ್ ಇರುವ ಡಿಜಿಟಲ್ ಪ್ರತಿ ಬೇಕು. ಅದು ತಡವಾಗುವ ಸೂಚನೆ ಇದ್ದರೆ ತಾತ್ಕಾಲಿಕ ಫಲಿತಾಂಶ ಪತ್ರ ತರಿಸಿ, ಮುಂದಿನ ಸೆಮಿಸ್ಟರಿನ ಪ್ರವೇಶವನ್ನಾದರೂ ಉಳಿಸಿಕೊಳ್ಳಿ.

ಹೊರದೇಶದ ವಿಶ್ವವಿದ್ಯಾಲಯ, ಕ್ರೆಡಿಟ್ ಜಮಾ ಇಡುವ ನಮ್ಮ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ನೇರವಾಗಿ ಏರಿಸುವುದಿಲ್ಲ. ಏರಿಸಬೇಕಾದ್ದು ಇಲ್ಲಿಯ ಮೌಲ್ಯಮಾಪನ ವಿಭಾಗ, ನಿಮ್ಮ 12 ಅಂಕಿಯ ಅಪಾರ್ ಸಂಖ್ಯೆಗೆ, ಅಂದರೆ ವಿದ್ಯಾರ್ಥಿ ಗುರುತಿನ ಸಂಖ್ಯೆಗೆ. ಡಿಜಿಲಾಕರಿನಲ್ಲಿ ಆ ಸೆಮಿಸ್ಟರ್ ಕಾಣುತ್ತದೆಯೇ, ಕ್ರೆಡಿಟ್ ಸರಿಯಾದ ಖಾನೆಯಲ್ಲಿ ಕೂತಿದೆಯೇ, ಲ್ಯಾಬಿನ ಕೋಡ್ ಬಿಟ್ಟುಹೋಗಿಲ್ಲವೇ ಎಂದು ಪದವಿ ಪ್ರದಾನದ ಅರ್ಜಿ ಹಾಕುವ ಮುಂಚೆ ಒಂದೊಂದೇ ಸಾಲು ನೋಡಿ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿ ಮಾಡಿಸುವುದು ತಿಂಗಳುಗಳ ಕೆಲಸ.

ಟ್ರಾನ್ಸ್‌ಕ್ರಿಪ್ಟಿನ ಮೊಹರಾದ ಪ್ರತಿಗಳನ್ನು ಅಲ್ಲಿಂದಲೇ ಮೂರು ತರಿಸಿ. ಒಂದು ವಿಶ್ವವಿದ್ಯಾಲಯಕ್ಕೆ, ಒಂದು ಮುಂದೆ ಎಂ.ಎಸ್ಸಿ. ಅಥವಾ ಎಂ.ಎಸ್. ಅರ್ಜಿಗೆ, ಏಕೆಂದರೆ ಅವರು ನಮ್ಮ ಅಂಕಪಟ್ಟಿಯ ಜೊತೆ ಇದನ್ನೂ ಕೇಳುತ್ತಾರೆ. ಮೂರನೆಯದನ್ನು ಒಡೆಯದೆ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಜುಲೈ ತಿಂಗಳ ತೇವಕ್ಕೆ ನಮ್ಮ ಮನೆಗಳ ಬೀರುವಿನಲ್ಲಿ ಕಾಗದ ಬೂಸ್ಟು ಹಿಡಿಯುತ್ತದೆ, ಲಕೋಟೆಯ ಅಂಟು ತಾನಾಗಿ ಬಿಡುತ್ತದೆ. ಬಿಟ್ಟುಕೊಂಡ ಲಕೋಟೆಯನ್ನು ಯಾರೂ ಮೊಹರಾದದ್ದು ಎಂದು ಒಪ್ಪುವುದಿಲ್ಲ.